ಚಿತ್ರಟಿಪ್ಪಣಿಯಲ್ಲಿ ನಾನು ಹಾಕಿದ ಎರಡು ಹನಿ

ಚಿಕ್ಕಲಸಂದ್ರದ ನಮ್ಮ ಮನೆಗೆ ಆಪ್ತಸಲಹೆಯ ಕೋರ್ಸ್ ಓದುವ ಹುಡುಗ ಹುಡುಗಿಯರು ಆಗಾಗ ಬರುತ್ತಾರೆ. ಬಂದವರು ಕಾಫಿ ಲೋಟ ಕೆಳಗಿಡುವ ಮೊದಲೇ, "ಮೇಡಂ, ವಿಷುಯಲ್ ನೋಟ್ಸ್ ಹೇಗೆ ಶುರು ಮಾಡೋದು? ನಮ್ಗೆ ಡ್ರಾಯಿಂಗ್ ಬರಲ್ಲ" ಎನ್ನುತ್ತಾರೆ. ನಾನು ಆ ವಿದ್ಯೆಯಲ್ಲಿ ದೊಡ್ಡ ಪಂಡಿತೆ ಎಂದು ಯಾರೋ ಅವರ ತಲೆಗೆ ತುಂಬಿ ಕಳಿಸಿರುತ್ತಾರೆ. ಅವರು ಹಾಗೆ ಕೇಳಿದಾಗಲೆಲ್ಲ ನನಗೆ ಮುಜುಗರವಾಗುತ್ತದೆ. ಬಾಯಲ್ಲಿ ಹೇಳಹೊರಟರೆ ಒಳ್ಳೆಯದನ್ನಷ್ಟೇ ಹೇಳಿ ಕಳಿಸಿಬಿಡುತ್ತೇನೆ. ಅದಕ್ಕೇ ಈಗ ಬರೆಯಲು ಕೂತಿದ್ದೇನೆ.

ನನ್ನ ಕೆಲಸ ಇದ್ದದ್ದು ಜಯನಗರದಲ್ಲಿ, ಟ್ರಸ್ಟೊಂದು ನಡೆಸುತ್ತಿದ್ದ ಕುಟುಂಬ ಸಲಹಾ ಕೇಂದ್ರದಲ್ಲಿ. ಕೆಳಗೆ ಔಷಧಿ ಅಂಗಡಿ, ಮಹಡಿಯ ಮೇಲೆ ನಾವು. ಗಂಡ ಹೆಂಡತಿ ಜಗಳವಾಡಿ, ಪೊಲೀಸು ಕೋರ್ಟು ಎಂದು ಹೋಗುವ ಮೊದಲು ಯಾರದೋ ಮಾತು ಕೇಳಿ ನಮ್ಮ ಮೆಟ್ಟಿಲು ಹತ್ತುತ್ತಿದ್ದರು. ಸಹಾಯಕಿಯಾಗಿ ಸೇರಿದ ನಾನು ಹಿರಿಯ ಸಲಹೆಗಾರ್ತಿ ಆದದ್ದು ಹೇಗೆ ಎಂಬುದು ಯಾರಿಗೂ ಬೇಡದ ಕಥೆ, ಬಿಡಿ. ಜನ ಅಂದುಕೊಂಡ ಹಾಗೆ ನಾವು ಬುದ್ಧಿ ಹೇಳುವವರಲ್ಲ. ಮುಕ್ಕಾಲು ಪಾಲು ಕೇಳುವುದು, ಉಳಿದದ್ದು ಬರೆದುಕೊಳ್ಳುವುದು. ನಾನು ಎಡವಿದ್ದೆಲ್ಲ ಈ ಬರೆದುಕೊಳ್ಳುವುದರಲ್ಲೇ.

ನಾನು ಸೇರಿದಾಗ ಕಾರ್ಯದರ್ಶಿಯಾಗಿದ್ದವರು ಶ್ರೀಕಂಠಯ್ಯನವರು. ಅವರು ಹಿಂದೆ ಕೋರ್ಟಿನ ಕಚೇರಿಯಲ್ಲಿ ಇದ್ದವರು. ಬಂದವರು ಆಡಿದ ಪ್ರತಿ ಮಾತೂ ಕಾಗದದ ಮೇಲೆ ಇರಬೇಕು ಎನ್ನುವ ಪೈಕಿ. "ಅವ್ರು ಅಂದದ್ದು ಅಂದ ಹಾಗೇ ಇರ್ಬೇಕು ಕಣಮ್ಮ ನಾಗರತ್ನ. ನಿನ್ನ ಕವಿತ್ವ ಏನೂ ಬೇಡ" ಎಂದು ಮೊದಲ ದಿನವೇ ಹೇಳಿದ್ದರು. ನಾನು ತಲೆ ಬಗ್ಗಿಸಿ ಬರೆದೆ. ಅವಳು ಹೀಗಂದಳು, ಇವನು ಹಾಗಂದ, ಅತ್ತೆ ಹೀಗಂದರು ಎಂದು ಹಾಳೆಗಟ್ಟಲೆ ಬರೆದೆ. ಕೈ ಬೆರಳು ಊದಿಕೊಳ್ಳುತ್ತಿತ್ತು. ನಾನು ಮಹಾ ಕೆಲಸಗಾತಿ ಎಂದು ನನಗೆ ನನ್ನ ಮೇಲೆಯೇ ಗೌರವ.

ಒಂದು ಸಲ ಶ್ರೀನಗರ ಬಡಾವಣೆಯಿಂದ ಗಂಡ ಹೆಂಡತಿ ಬಂದರು. ಆಕೆ ಬಿಡದೆ ಮಾತಾಡುತ್ತಿದ್ದರು, ನಾನು ಬಿಡದೆ ಬರೆಯುತ್ತಿದ್ದೆ. ಒಂದು ಹಾಳೆ ತುಂಬಿದಾಗ ಹೊಸ ಹಾಳೆ ತಿರುಗಿಸುತ್ತಾ, "ಇದಕ್ಕೆ ನೀವೇನಂತೀರಾ ಸಾರ್?" ಎಂದು ಕೇಳಿ ತಲೆ ಎತ್ತಿದೆ. ಎದುರಿನ ಕುರ್ಚಿ ಖಾಲಿ!

"ಅವ್ರು ಆಗ್ಲೇ ಎದ್ದು ಹೋದ್ರಲ್ಲ ಮೇಡಂ" ಎಂದರು ಆಕೆ. "ಹೋಗ್ತೀನಿ ಅಂತ ನಿಮ್ಗೇ ಹೇಳಿ ಹೋದ್ರು. ನೀವು ಅದನ್ನೂ ಬರ್ಕೊಂಡ್ರಿ."

ನೋಡಿದರೆ ನಿಜವಾಗಿಯೂ ಬರೆದುಕೊಂಡಿದ್ದೆ. 'ಇಲ್ಲಿ ಕೂತು ಪ್ರಯೋಜನವಿಲ್ಲ, ನಾನು ಹೊರಟೆ' ಎಂದು ದುಂಡಗಿನ ಅಕ್ಷರದಲ್ಲಿ, ಪೂರ್ಣವಿರಾಮ ಸಮೇತ. ನನಗೆ ಆಕೆಯ ಮುಖ ನೋಡಲಾಗಲಿಲ್ಲ. ಆಕೆಯೇ ಪಾಪ, "ಹೋಗ್ಲಿ ಬಿಡಿ ಮೇಡಂ, ಮನೇಲೂ ಅವ್ರು ಹೀಗೇನೇ" ಎಂದು ನನಗೆ ಸಮಾಧಾನ ಹೇಳಿದರು. ಸಮಾಧಾನ ಹೇಳುವುದಕ್ಕೆ ಸಂಬಳ ತೆಗೆದುಕೊಳ್ಳುತ್ತಿದ್ದವಳು ನಾನು.

ಶ್ರೀಕಂಠಯ್ಯನವರ ನಂತರ ನಿರ್ದೇಶಕಿಯಾಗಿ ಅನುಪಮಾ ಬಂದರು. ನನಗಿಂತ ಬಹಳ ಚಿಕ್ಕವರು, ಚುರುಕು, ನಡೆಯುತ್ತಲೇ ಮಾತು ಮುಗಿಸುವವರು. ನನ್ನ ಹಾಳೆಗಳ ಕಟ್ಟು ನೋಡಿ, "ಇಷ್ಟನ್ನೂ ಮತ್ತೆ ಯಾರು ಓದ್ತಾರೆ ಮೇಡಂ?" ಎಂದರು. ನಾನೂ ಓದುತ್ತಿರಲಿಲ್ಲ ಎಂಬುದು ಆಗಲೇ ನನಗೆ ಹೊಳೆದದ್ದು. ಮುಂದಿನ ವಾರ ನಮ್ಮನ್ನೆಲ್ಲ ಜೆ.ಪಿ. ನಗರದಲ್ಲಿ ನಡೆದ ಒಂದು ದಿನದ ತರಬೇತಿಗೆ ಕಳಿಸಿದರು. ಚಿತ್ರಗಳಲ್ಲಿ ಟಿಪ್ಪಣಿ ಮಾಡಿಕೊಳ್ಳುವ ತರಬೇತಿ.

ಅಲ್ಲಿ ಕಲಿಸಿದ್ದು ಸರಳವಾಗಿಯೇ ಇತ್ತು. ಗೆರೆ ಇಲ್ಲದ ಪುಸ್ತಕ, ಒಂದು ಕಪ್ಪು ಪೆನ್ನು, ಜೊತೆಗೆ ಯಾವುದಾದರೂ ಒಂದೇ ಬಣ್ಣ. ಚುಕ್ಕಿ, ಗೆರೆ, ಸೊನ್ನೆ, ಚೌಕ, ತ್ರಿಕೋನ ಬಂದರೆ ಸಾಕು, ಜಗತ್ತನ್ನೆಲ್ಲ ಬರೆಯಬಹುದು ಎಂದರು. ಸೊನ್ನೆಯ ಕೆಳಗೆ ಚೌಕ ಇಟ್ಟರೆ ಮನುಷ್ಯ. ಬಾಯಿಂದ ಹೊರಟ ಬಲೂನಿನೊಳಗೆ ಅವನ ಮಾತು. ತಪ್ಪಿದರೆ ರಬ್ಬರ್ ಹಾಕಬಾರದು, ಮುಂದೆ ಹೋಗಬೇಕು. ಎಲ್ಲ ಹೇಳಿ, ಪಕ್ಕದಲ್ಲಿ ಕೂತವರನ್ನು ಬರೆಯಿರಿ ಎಂದರು. ನನ್ನ ಪಕ್ಕ ಕೂತಿದ್ದ ಹುಡುಗ ನನ್ನನ್ನು ಚಕಚಕ ಬರೆದು ಮುಗಿಸಿದ, ಕನ್ನಡಕ ಸಮೇತ. ನಾನು ಬರೆದ ಅವನು ತೊಟ್ಟು ಇರುವ ಬದನೆಕಾಯಿಯಂತೆ ಕಂಡ. "ಸಖತ್ತಾಗಿದೆ ಆಂಟಿ" ಎಂದು ಅವನು ನಗು ತಡೆದುಕೊಂಡ. ಇಡೀ ಕೋಣೆ ನಮ್ಮ ಕಡೆ ತಿರುಗಿತು. ಆ ವಯಸ್ಸಿನಲ್ಲಿ ಸ್ಲೇಟು ಹಿಡಿದ ಮಗುವಿನ ಹಾಗೆ ಕೂತಿದ್ದೇನಲ್ಲ ಎಂದು ಎದ್ದು ಮನೆಗೆ ಹೋಗಿಬಿಡೋಣ ಅನ್ನಿಸಿತು.

ಹಟಕ್ಕೆ ಬಿದ್ದು ಮನೆಯಲ್ಲಿ ಅಭ್ಯಾಸ ಮಾಡಿದೆ. ಹಾಲಿನವನು, ಬಸ್ಸಿನಲ್ಲಿ ತೂಕಡಿಸುವವರು, ಪದ್ಮನಾಭನಗರದ ಟ್ಯೂಷನ್ ಮುಂದೆ ಸ್ಕೂಟರ್ ನಿಲ್ಲಿಸಿಕೊಂಡು ಕಾಯುವ ಅಮ್ಮಂದಿರು, ಕಂಡವರನ್ನೆಲ್ಲ ಬರೆದೆ. ಒಂದು ದಿನ ನಮ್ಮ ಯಜಮಾನರು ಪುಸ್ತಕ ತಿರುವಿ ಹಾಕಿ, "ಗ್ಯಾಸ್ ಸಿಲಿಂಡರ್ ಚೆನ್ನಾಗಿ ಬಂದಿದೆ ಕಣೇ" ಎಂದರು.

"ಅದು ನೀವು" ಎಂದೆ.

ಅವರು ಆಮೇಲೆ ಪುಸ್ತಕ ಮುಟ್ಟಲಿಲ್ಲ.

ಹೊಸಬರಿಗೆ ಇಲ್ಲೊಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಇದು ನಿಜಕ್ಕೂ ಉಪಯೋಗಕ್ಕೆ ಬಂದದ್ದು. ಮನುಷ್ಯರಿಂದ ಶುರು ಮಾಡಬೇಡಿ, ಮನೆಯಿಂದ ಶುರು ಮಾಡಿ. ಬಂದವರನ್ನು "ನಿಮ್ಮ ಸಮಸ್ಯೆ ಏನು?" ಎಂದು ಕೇಳಿದರೆ ನೆಲ ನೋಡುತ್ತಾರೆ. "ನಿಮ್ಮನೇಲಿ ಬಾಗ್ಲು ಯಾವ ಕಡೆ? ಟಿ.ವಿ. ಎಲ್ಲಿಟ್ಟಿದ್ದೀರಾ? ಯಾರು ಎಲ್ಲಿ ಮಲಗ್ತಾರೆ?" ಎಂದು ಕೇಳುತ್ತಾ ಮನೆಯ ನಕ್ಷೆ ಎಳೆಯುತ್ತಾ ಹೋದರೆ ಇಬ್ಬರೂ ಮುಂದೆ ಬಾಗುತ್ತಾರೆ. ಪದ್ಮನಾಭನಗರದ ಒಂದು ಜೋಡಿಯದು ಹೀಗೇ ಆಯಿತು. ಪರಸ್ಪರ ಮಾತು ನಿಂತುಹೋಗಿದೆ ಎಂದು ಬಂದಿದ್ದರು. ನಕ್ಷೆ ಮುಗಿದಾಗ ನೋಡಿದರೆ ಅತ್ತೆಯ ಮಂಚ, ಮಾವನ ಆರಾಮಕುರ್ಚಿ, ಮಕ್ಕಳ ಓದುವ ಮೇಜು ಎಲ್ಲಕ್ಕೂ ಜಾಗವಿತ್ತು. ಇವರಿಬ್ಬರು ಕೂತು ಮಾತಾಡಲು ಒಂದು ಮೂಲೆ ಇರಲಿಲ್ಲ. ಗಂಡ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಬಾಲ್ಕನಿಯಲ್ಲಿ ಎರಡು ಚೌಕ ಹಾಕಿ, "ವಾಷಿಂಗ್ ಮಷೀನ್ ಒಳಗಿಟ್ರೆ ಇಲ್ಲಿ ಎರಡು ಚೇರ್ ಹಿಡಿಯುತ್ತೆ, ಅಲ್ವಾ?" ಎಂದು ಹೆಂಡತಿಯನ್ನು ಕೇಳಿದ. ಹಾಳೆಗಟ್ಟಲೆ ಬರೆದಾಗ ಇಂಥದ್ದು ಒಮ್ಮೆಯೂ ಆಗಿರಲಿಲ್ಲ.

ನನಗೆ ಕೋಡು ಮೂಡಿತು. ಎಡವಿದ್ದೂ ಉಂಟು. ಒಮ್ಮೆ ಹಾಳೆಯಲ್ಲಿ ಜಾಗ ಸಾಲದೆ ಬನಶಂಕರಿಯ ಒಬ್ಬ ಮೇಷ್ಟ್ರನ್ನು ಮೂಲೆಯಲ್ಲಿ ಚಿಕ್ಕದಾಗಿ ಬರೆದಿದ್ದೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿ, "ನಮ್ಮತ್ತೆ ಬೆರಳುದ್ದ ಇದ್ದಾರೆ, ನಾನು ಕಡಲೆಕಾಳಿನಷ್ಟು ಇದ್ದೀನಿ. ನೀವು ಯಾರ ಕಡೆ ಅಂತ ಗೊತ್ತಾಯ್ತು ಬಿಡಿ" ಎಂದು ಎದ್ದರು. ಅವರನ್ನು ಕೂರಿಸಬೇಕಾದರೆ ಸಾಕುಸಾಕಾಯಿತು. ಅವತ್ತಿನಿಂದ ಎಲ್ಲರನ್ನೂ ಒಂದೇ ಅಳತೆಗೆ ಬರೆದೆ. ಅಷ್ಟಕ್ಕೆ ಪಾಠ ಕಲಿತೆ ಎಂದುಕೊಂಡೆ.

ಆದರೆ ತರಬೇತಿಯಲ್ಲಿ ಒಂದು ಹಾಳೆ ಕೊಟ್ಟಿದ್ದರು. ಯಾವುದಕ್ಕೆ ಯಾವ ಗುರುತು ಎಂದು ಅದರಲ್ಲಿ ಬರೆದಿತ್ತು. ಜಗಳಕ್ಕೆ ಮಿಂಚು, ಕುಡಿತಕ್ಕೆ ಬಾಟಲಿ, ದುಃಖಕ್ಕೆ ಕಣ್ಣ ಕೆಳಗೆ ಎರಡು ಹನಿ. ನಾನು ಅದನ್ನು ಬಾಯಿಪಾಠ ಮಾಡಿದ್ದೆ. ಕೈ ತಾನಾಗಿಯೇ ಓಡುತ್ತಿತ್ತು. ದೂರು ಹೇಳಲು ಬಂದ ಹೆಂಗಸು ಎಂದರೆ ತುರುಬು, ಬೊಟ್ಟು, ಎರಡು ಹನಿ. ಆಕೆ ಬಾಯಿ ಬಿಡುವ ಮೊದಲೇ ಮುಖ ಮುಗಿದಿರುತ್ತಿತ್ತು. ಬೇಗ ಬರೆಯುತ್ತೇನೆ ಎಂದು ಅದನ್ನೇ ನಾನು ಜಾಣತನ ಅಂದುಕೊಂಡಿದ್ದೆ.

ಹೀಗಿರುವಾಗ ಶೋಭಾ ಮತ್ತು ಮಹಾಂತೇಶ ಬಂದರು. ಗದಗಿನ ಕಡೆಯವರು, ಬಿ.ಟಿ.ಎಂ.ನಲ್ಲಿ ಒಂದು ಬೆಡ್‌ರೂಮಿನ ಬಾಡಿಗೆ ಮನೆ. ಅವಳು ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಬಿಲ್ಲಿಂಗ್ ಕೌಂಟರಿನಲ್ಲಿದ್ದಳು. ಅವನು ಕೊರಿಯರ್ ಗೋಡೌನಿನಲ್ಲಿ ಸೂಪರ್‌ವೈಸರ್, ರಾತ್ರಿ ಪಾಳಿ. ಅವಳು ಕೆಲಸಕ್ಕೆ ಹೊರಡುವಾಗ ಇವನು ಮನೆಗೆ ಬರುತ್ತಿದ್ದ. ಇಬ್ಬರೂ ಎಚ್ಚರವಾಗಿ ಒಟ್ಟಿಗೆ ಸಿಗುತ್ತಿದ್ದದ್ದು ಭಾನುವಾರ ಮಾತ್ರ. ಆ ಭಾನುವಾರ ಮನೆ ತುಂಬ ಊರಿನ ಹುಡುಗರು. ಪರೀಕ್ಷೆ ಬರೆಯಲು ಬಂದವರು, ಇಂಟರ್‌ವ್ಯೂಗೆ ಬಂದವರು, ಇಂಟರ್‌ವ್ಯೂ ಮುಗಿದ ಮೇಲೂ ಹೋಗದವರು.

"ಬ್ಯಾಡ ಅನ್ನಾಕ ಇವರಿಗೆ ಬಾಯೇ ಬರೂದಿಲ್ರಿ ಮೇಡಂ" ಎಂದಳು ಶೋಭಾ. "ಊರಾಗ ಯಾರರ ಬ್ಯಾಗ ಹೆಗಲಿಗೆ ಹಾಕ್ಕೊಂಡ್ರ ಸಾಕು, ನಮ್ಮ ಮನಿ ಲೊಕೇಶನ್ ಕಳಸ್ತಾರ. ಹೋದ ವಾರ ನನ್ನ ಟಾವೆಲ್ಲಿನಾಗ ಯಾರೋ ಮುಖ ಒರಸ್ಕೊಳ್ಳಾಕತ್ತಿದ್ರು. ಯಾರಪಾ ನೀ ಅಂತ ಕೇಳಿದೆ. ನೀವ ಯಾರ್ರಿ ಅಂತ ನನಗ ಕೇಳಿದಾ!"

ಹೇಳುತ್ತಾ ಅವಳೇ ನಕ್ಕಳು. ಮಹಾಂತೇಶನೂ ತಲೆ ತಗ್ಗಿಸಿಕೊಂಡು ನಕ್ಕ. "ನಾನೂ ಮೊದ್ಲ ಬಂದಾಗ ಹಿಂಗ ಮಂದಿ ಮನ್ಯಾಗ ಇದ್ದವನ್ರಿ. ಹೆಂಗ ಒಲ್ಲೆ ಅನ್ಲಿ?" ಎಂದ.

"ನಂಗೇನ ಬಂಗಾರ ಬ್ಯಾಡ್ರಿ" ಎಂದಳು ಅವಳು, ಈಗ ನಗದೆ. "ವಾರದಾಗ ಒಂದು ದಿನ ನಮ್ಮ ಮನಿ ನಮಗ ಬೇಕು. ಅಷ್ಟ."

ನಾನು ಮನೆಯ ನಕ್ಷೆ ಬರೆದೆ. ನಡುಮನೆಯಲ್ಲಿ ಸಾಲಾಗಿ ಮಲಗಿದ ಹುಡುಗರು, ಬಾಗಿಲ ಹತ್ತಿರ ಚಪ್ಪಲಿ ರಾಶಿ, ಗಂಡ ಹೆಂಡತಿಯ ನಡುವೆ ಮಿಂಚು, ಶೋಭಾಳ ಕಣ್ಣ ಕೆಳಗೆ ಎರಡು ಹನಿ. ಅವಳು ಬಗ್ಗಿ ನೋಡಿದಳು.

"ಇದೇನ್ರಿ, ನನ್ನ ಕಣ್ಣಾಗ ನೀರ ಯಾಕ ಬರದೀರಿ? ನಾ ಅತ್ತೇನ್ರಿ?"

"ಅದು ಸುಮ್ನೆ ಒಂದು ಗುರುತಮ್ಮ" ಎಂದೆ. ರಬ್ಬರ್ ಹಾಕಬಾರದು ಎಂಬ ನಿಯಮ ಬೇರೆ ಇತ್ತಲ್ಲ.

ಇದು ಸುಲಭದ ಕೇಸು. ಮೂರನೆಯ ಭೇಟಿಗೆ ಇಬ್ಬರೂ ಒಪ್ಪಂದಕ್ಕೆ ಬಂದರು. ಭಾನುವಾರ ಯಾರೂ ಬರುವ ಹಾಗಿಲ್ಲ, ಉಳಿದ ದಿನ ಬಂದರೂ ಒಂದು ರಾತ್ರಿಗಿಂತ ಹೆಚ್ಚು ಇಲ್ಲ. ನಮ್ಮಲ್ಲಿ ಒಂದು ಪದ್ಧತಿ ಇತ್ತು. ಒಪ್ಪಂದವಾದ ಮೇಲೆ ಎರಡೂ ಕಡೆಯ ಹಿರಿಯರನ್ನು ಕರೆಸಿ ಅವರ ಮುಂದೆ ಅದನ್ನು ಹೇಳಿ ಮುಗಿಸುವುದು. ನಾಲ್ಕು ಜನರ ಮುಂದೆ ಆದ ಮಾತು ನಿಲ್ಲುತ್ತದೆ ಎಂದು ಶ್ರೀಕಂಠಯ್ಯನವರು ಹಾಕಿಕೊಟ್ಟದ್ದು. ಶೋಭಾಳ ಅಣ್ಣ ಬಸವರಾಜ, ಅವರ ತಾಯಿ, ಮಹಾಂತೇಶನ ಚಿಕ್ಕಪ್ಪ ಊರಿನಿಂದ ಬಂದರು.

ಅದೇ ದಿನ ಟ್ರಸ್ಟಿಗೆ ಸಹಾಯ ಮಾಡುವ ಕೆಲವರು ಕೇಂದ್ರ ನೋಡಲು ಬಂದಿದ್ದರು. ಅನುಪಮಾ, "ನಾಗರತ್ನ ಮೇಡಂ, ಇವ್ರೂ ನಿಮ್ಮ ಮೆಥಡ್ ನೋಡ್ಲಿ" ಎಂದು ಅವರನ್ನು ನನ್ನ ಕೋಣೆಯ ಹಿಂದಿನ ಸಾಲಿನಲ್ಲಿ ಕೂರಿಸಿದರು. ಮನೆಯವರ ಒಪ್ಪಿಗೆ ಕೇಳಿದೆವು, ನಿಜ. ಅಷ್ಟು ಜನ ಇಸ್ತ್ರಿ ಬಟ್ಟೆಯವರು ನಗುಮುಖದಿಂದ ಕೂತಾಗ ಊರಿನಿಂದ ಬಂದವರು ಬೇಡ ಎನ್ನುತ್ತಾರೆಯೇ? ನಾನಾದರೂ ಅನ್ನಬಹುದಿತ್ತು. ಅನ್ನಲಿಲ್ಲ. ನೋಡಲಿ ಎಂದೇ ನನಗೂ ಇತ್ತು.

ಒಪ್ಪಂದವನ್ನು ಓದಿ ಹೇಳುವ ಬದಲು ನಾನು ಚಿತ್ರದ ಪುಟವನ್ನೇ ಮೇಜಿನ ಮೇಲೆ ಹರಡಿದೆ. ಹಿಂದಿನ ಸಾಲಿನವರು ಕತ್ತು ಉದ್ದ ಮಾಡಿದರು. "ವಾವ್" ಎಂದರು ಯಾರೋ. ಬಸವರಾಜ ಚಿತ್ರದ ಮೇಲೆ ಬಗ್ಗಿದ. ಚಪ್ಪಲಿ ರಾಶಿಯನ್ನೂ ನೋಡಲಿಲ್ಲ, ಮಲಗಿದ ಹುಡುಗರನ್ನೂ ನೋಡಲಿಲ್ಲ. ತಂಗಿಯ ಮುಖದ ಮೇಲೆ ಬೆರಳಿಟ್ಟ.

"ಇಕಿ ಅಳಾಕತ್ತಾಳಲ್ರಿ" ಎಂದ.

"ನಾ ಎಲ್ಲಿ ಅತ್ತೇನಿ ಅಣ್ಣಾ?" ಎಂದಳು ಶೋಭಾ. "ಮೇಡಮ್ಮೋರು ಸುಮ್ನ ಬರದಾರ. ಕೇಳ ಬೇಕಾದ್ರ."

ಎಲ್ಲರೂ ನನ್ನನ್ನು ನೋಡಿದರು. ಬಸವರಾಜ, ಅವನ ತಾಯಿ, ಅನುಪಮಾ, ಹಿಂದಿನ ಸಾಲು. 'ಹೌದು, ಅವಳು ಅಳಲಿಲ್ಲ, ನಾನು ಅಭ್ಯಾಸಬಲದಿಂದ ಹಾಕಿದ್ದು' ಎಂದು ಹೇಳಬೇಕಾಗಿತ್ತು. ಆದರೆ ಅಷ್ಟು ಜನ ಮೆಚ್ಚಿಕೊಳ್ಳುತ್ತಿದ್ದ ಚಿತ್ರದಲ್ಲಿ ಸುಳ್ಳಿದೆ ಎಂದು ನಾನೇ ಹೇಗೆ ಹೇಳಲಿ? ನನ್ನ ಬಾಯಿಂದ ಬಂದದ್ದು ಬೇರೆ ಮಾತು.

"ಹೊರಗೆ ಕಾಣದ ನೋವು ಇರುತ್ತಲ್ಲ, ಅದನ್ನ ನಾವು ಹೀಗೆ ತೋರಿಸ್ತೀವಿ" ಎಂದೆ.

ಹಿಂದಿನ ಸಾಲಿನಲ್ಲಿ ಒಬ್ಬರು ಅದನ್ನು ಬರೆದುಕೊಂಡರು. ಶೋಭಾಳ ತಾಯಿ ಸೆರಗು ಬಾಯಿಗೊತ್ತಿಕೊಂಡು ಅಳಲು ಶುರು ಮಾಡಿದರು. "ನಮ್ಮ ಮುಂದ ನಗಕೋತ ಇದ್ದೆಲ್ಲವ್ವಾ, ಒಳಗ ಇಷ್ಟ ಇಟಗೊಂಡಿದ್ದೇನ" ಎಂದು ಮಗಳ ಗಲ್ಲ ಹಿಡಿದರು. ಶೋಭಾ ಅಲ್ಲ ಅಲ್ಲ ಎಂದಷ್ಟೂ ಅವರಿಗೆ ಹೌದು ಎಂದೇ ಕೇಳಿಸುತ್ತಿತ್ತು. ಮಹಾಂತೇಶನ ಚಿಕ್ಕಪ್ಪ, "ನಮ್ಮ ಹುಡುಗ ಏನ ಬಡದಾನೇನ್ರಿ?" ಎಂದು ಎದ್ದು ನಿಂತರು. ಬಸವರಾಜ ಪುಟದ ಫೋಟೋ ತೆಗೆದುಕೊಂಡ. ಸಂಜೆಯ ಬಸ್ಸಿಗೆ ತಂಗಿಯನ್ನು ಊರಿಗೆ ಕರೆದುಕೊಂಡು ಹೋದ. ಮೆಟ್ಟಿಲು ಇಳಿಯುವಾಗ ಶೋಭಾ ಒಂದು ಸಲ ತಿರುಗಿ ನನ್ನ ಕಡೆ ನೋಡಿದಳು. ನಾನು ಪುಸ್ತಕ ಮುಚ್ಚಿ ಚೀಲಕ್ಕೆ ಹಾಕುವ ನೆಪ ಮಾಡಿದೆ.

ಅನುಪಮಾ ಅವತ್ತು ನನ್ನ ಭುಜ ತಟ್ಟಿ, "ಎಮೋಷನ್ ಹೇಗೆ ಹೊರಗೆ ಬಂತು ನೋಡಿ ಮೇಡಂ" ಎಂದರು. ನಾನು ನಕ್ಕೆ. ನಾಚಿಕೆಯ ವಿಷಯ ಹೇಳುತ್ತಿದ್ದೇನೆ, ಪೂರ್ತಿ ಹೇಳಬೇಕು. ಅವತ್ತಿಗೆ ನನಗೆ ಸ್ವಲ್ಪ ಖುಷಿಯೂ ಆಗಿತ್ತು.

ಕೆಲವು ವಾರ ಕಳೆದು ಮಹಾಂತೇಶ ಒಬ್ಬನೇ ಬಂದ. ಗಡ್ಡ ಬಿಟ್ಟಿದ್ದ. ಭಾನುವಾರ ಈಗ ಮನೆಗೆ ಯಾರನ್ನೂ ಸೇರಿಸುತ್ತಿಲ್ಲ ಎಂದ, ನಾನು ಕೇಳದಿದ್ದರೂ. "ಅಕಿ ಫೋನ್ ಅವರಣ್ಣನ ಹಂತ್ಯಾಕ ಐತ್ರಿ. ನಾ ಮಾಡಿದ್ರ ಎತ್ತಂಗಿಲ್ಲ. ಲ್ಯಾಬಿನವ್ರು ಬ್ಯಾರೇದವ್ರನ್ನ ತಗೊಂಡಾರಂತ. ನೀವೊಂದ ಮಾತ ಅವರಣ್ಣಗ ಹೇಳಿದ್ರ..." ಎಂದು ನಿಲ್ಲಿಸಿದ.

ಕೇಸು ಮುಗಿದ ಮೇಲೆ ನಾವಾಗಿ ಮನೆಯವರಿಗೆ ಫೋನ್ ಮಾಡುವಂತಿಲ್ಲ ಎಂಬ ನಿಯಮ ನಮ್ಮಲ್ಲಿತ್ತು. ಅದನ್ನು ಅಷ್ಟು ಶ್ರದ್ಧೆಯಿಂದ ನಾನು ಹಿಂದೆಂದೂ ಪಾಲಿಸಿರಲಿಲ್ಲ. "ನೋಡೋಣಪ್ಪ" ಎಂದು ಕಳಿಸಿದೆ. ಅವನು ಕೆಳಗಿಳಿದು ಔಷಧಿ ಅಂಗಡಿಯ ಮುಂದೆ ಬಹಳ ಹೊತ್ತು ಸುಮ್ಮನೆ ನಿಂತಿದ್ದ. ನಾನು ಮೇಲಿನ ಕಿಟಕಿಯಿಂದ ನೋಡಿ ಒಳಗೆ ಬಂದೆ.

ಆ ದಿನಗಳಲ್ಲಿ ಬೇರೆ ಬೇರೆ ಸಂಸ್ಥೆಯವರು ಚಿತ್ರಟಿಪ್ಪಣಿ ಕಲಿಸಲು ನನ್ನನ್ನು ಕರೆಯುತ್ತಿದ್ದರು. ಹೋಗುತ್ತಿದ್ದೆ. ಕಪ್ಪು ಪೆನ್ನು, ಒಂದು ಬಣ್ಣ, ಮನೆಯ ನಕ್ಷೆ, ಎಲ್ಲ ಹೇಳುತ್ತಿದ್ದೆ. ಗುರುತುಗಳ ಹಾಳೆಯನ್ನು ಮಾತ್ರ ಹಂಚುತ್ತಿರಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ ಝೆರಾಕ್ಸ್ ಆಗಿಲ್ಲ ಎನ್ನುತ್ತಿದ್ದೆ.

ನಾನು ನಿವೃತ್ತಳಾಗಲು ಸ್ವಲ್ಪ ದಿನ ಉಳಿದಿತ್ತು. ಒಂದು ಬೆಳಗ್ಗೆ ಕೇಂದ್ರದ ಬಾಗಿಲು ತೆಗೆಯುವಾಗ ಮೆಟ್ಟಿಲ ಮೇಲೆ ಶೋಭಾ ಕೂತಿದ್ದಳು. ಊರಿನ ಬಸ್ಸಿನಿಂದ ಇಳಿದು ನೇರ ಬಂದಿದ್ದಳು, ಕಾಲ ಬಳಿ ಬ್ಯಾಗಿತ್ತು. ಮುಖ ತೊಳೆದುಕೋ ಎಂದೆ, ಕಾಫಿ ತರಿಸುತ್ತೇನೆ ಎಂದೆ. ಏನಾದರೂ ಮಾಡಿ ಮಾತು ಮುಂದೂಡಬೇಕಿತ್ತು ನನಗೆ.

"ಏನೂ ಬ್ಯಾಡ್ರಿ. ನಾ ಬಿ.ಟಿ.ಎಂ.ಗೆ ಹೊಂಟೀನಿ, ನಮ್ಮ ಮನಿಗೆ" ಎಂದಳು. "ಮನ್ಯಾಗ ಹೇಳದ ಬಂದೀನಿ. ಇನ್ನ ತಾಸೊತ್ತಿಗೆ ಎಲ್ಲಾರಿಗೂ ಗೊತ್ತಾಗತೈತಿ. ಅಣ್ಣ ಸಿಟ್ಟೀಲೆ ಬಂದ್ರ ಮತ್ತ ಅದ ಕಥಿ. ಇವರ ಮ್ಯಾಲ ಕೇಸ ಹಾಕ್ತೀನಿ ಅಂತಾನ. ಅದಕ್ಕ ಮೊದ್ಲ ನಿಮ್ಮ ಕಡೆ ಬಂದೆ. ಅಣ್ಣಗ ಒಂದ ಫೋನ್ ಮಾಡ್ರಿ ಮೇಡಂ. ನಾ ಅತ್ತಿದ್ದಿಲ್ಲ ಅಂತ ಹೇಳ್ರಿ."

"ಅವತ್ತೇ ಹೇಳ್ಬೇಕಿತ್ತು ನಾನು" ಎಂದೆ. "ತಪ್ಪಾಯ್ತಮ್ಮ."

"ಹೌದ್ರಿ" ಎಂದಳು. ಅಷ್ಟೇ. ಪರವಾಗಿಲ್ಲ ಅನ್ನಲಿಲ್ಲ. ನನ್ನ ಮೊಬೈಲ್ ತೆಗೆದುಕೊಂಡು ಅಣ್ಣನ ನಂಬರ್ ಒತ್ತಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು.

ಬಸವರಾಜ ಎತ್ತಿದ. ನಾನು ಯಾರು ಎಂದು ಹೇಳಿದೆ. ಶೋಭಾ ನನ್ನ ಎದುರಿಗೇ ಇದ್ದಾಳೆ, ಕ್ಷೇಮವಾಗಿದ್ದಾಳೆ ಎಂದೆ. ಆಮೇಲೆ ಉಳಿದದ್ದನ್ನೂ ಹೇಳಿದೆ. "ಆ ಚಿತ್ರದಲ್ಲಿದ್ದ ಕಣ್ಣೀರು ನಾನು ಹಾಕಿದ್ದು ಸಾರ್. ನಿಮ್ಮ ತಂಗಿ ಇಲ್ಲಿ ಒಂದಿನಾನೂ ಅಳ್ಲಿಲ್ಲ. ನಗ್ತಾನೇ ಇದ್ರು. ಗಂಡ ಅವ್ರಿಗೆ ಏನೂ ಹಿಂಸೆ ಕೊಟ್ಟಿಲ್ಲ. ಅವತ್ತು ನೀವು ಕೇಳಿದಾಗ ನಾನು ಸುಳ್ಳು ಹೇಳ್ದೆ."

ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

"ಬಸ್ಸಿನಾಗ ಕುಂತಾಗಿಂದ ಅಕಿ ಇದನ್ನ ಹೇಳಾಕತ್ತಿದ್ಲ್ರಿ" ಎಂದ ಬಸವರಾಜ, ತಣ್ಣಗೆ. "ಅವ್ವನ ಮುಂದ ಹೇಳಿದ್ಲು, ಕಾಕಾನ ಮುಂದ ಹೇಳಿದ್ಲು, ಎಲ್ಲಾರ ಮುಂದೂ ಹೇಳಿದ್ಲು. ನಾವ ನಂಬಲಿಲ್ಲ. ಗಂಡನ್ನ ಉಳಸಾಕ ಹಂಗಂತಾಳ ಅಂತ ತಿಳದ್ವಿ. ಅಷ್ಟ ಮಂದಿ ಮುಂದ ಮೇಡಮ್ಮೋರು ಬರದ ತೋರ್ಸಿದ್ದು ಸುಳ್ಳ ಇರತೈತೇನು ಅಂತ ನಾನ ಅಕಿಗೆ ಜೋರ ಮಾಡಿದೆ."

ಶೋಭಾ ಮೇಜಿನ ಅಂಚನ್ನು ನೋಡುತ್ತಾ ಕೂತಿದ್ದಳು. ಅಷ್ಟು ತಿಂಗಳು ತನ್ನ ಮನೆಯವರೊಳಗೆ ತನ್ನ ಮಾತಿಗೇ ಬೆಲೆಯಿಲ್ಲದೆ ಅವಳು ಹೇಗೆ ಇದ್ದಳೋ. ಅದನ್ನು ಯೋಚಿಸಿಯೇ ಇರಲಿಲ್ಲ ನಾನು. ನೌಕರಿ ಹೋಯಿತು, ಗಂಡನಿಂದ ದೂರವಾದಳು ಎಂದಷ್ಟೇ ನನ್ನ ಲೆಕ್ಕದಲ್ಲಿತ್ತು.

"ನಾ ಈಗ ನಂಬತೀನ್ರಿ" ಎಂದ ಬಸವರಾಜ. "ಆದ್ರ ಅವ್ವ ನಂಬಂಗಿಲ್ಲ. ಆ ಫೋಟೋ ದಿನಾ ನೋಡ್ತಾಳ. ನೀವೊಂದ ಕೆಲಸ ಮಾಡ್ರಿ ಮೇಡಂ. ಇನ್ನೊಂದ ಚಿತ್ರ ಬರದ ಕಳಸ್ರಿ, ಕಣ್ಣೀರ ಇಲ್ದಂಗ. ಅದನ್ನ ತೋರ್ಸಿದ್ರ ಅವ್ವಗ ಸಮಾಧಾನ ಆಗತೈತಿ."

ನನಗೆ ಎದೆಯ ಭಾರ ಇಳಿದಂತಾಯಿತು. ಸರಿಮಾಡಲು ಒಂದು ದಾರಿ ಸಿಕ್ಕಿತಲ್ಲ ಎಂದು. "ಈಗ್ಲೇ ಕಳಿಸ್ತೀನಿ" ಎಂದು ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡೆ.

ಶೋಭಾ ಕೈ ಚಾಚಿ ಫೋನ್ ಎತ್ತಿಕೊಂಡಳು.

"ಚಿತ್ರ ಗಿತ್ರ ಏನೂ ಬರೂದಿಲ್ಲ ಅಣ್ಣಾ" ಎಂದಳು. "ನಾ ಹೇಳಾಕತ್ತೀನಲ್ಲ, ಕೇಳು. ನಾ ಅತ್ತಿಲ್ಲ. ನಾ ನಮ್ಮ ಮನಿಗೆ ಹೊಂಟೀನಿ. ಅವ್ವಗೂ ನಾನ ಫೋನ್ ಮಾಡಿ ಹೇಳ್ತೀನಿ. ನಂಬಿದ್ರ ನಂಬ್ರಿ, ಬಿಟ್ರ ಬಿಡ್ರಿ."

ಫೋನ್ ಕಟ್ ಮಾಡಿ ನನ್ನ ಮುಂದಿಟ್ಟಳು. ಬ್ಯಾಗನ್ನು ಹೆಗಲಿಗೇರಿಸಿಕೊಂಡು ನನ್ನ ಕಡೆ ತಿರುಗಿದಳು. ಏನೋ ಹೇಳಲು ಹೊರಟವಳು ನನ್ನ ಕೈ ನೋಡಿ ಬಾಗಿಲ ಕಡೆ ನಡೆದಳು. ಮೆಟ್ಟಿಲಿಳಿದು ಹೋದಳು.

ನಾನು ಆಗಲೇ ಪೆನ್ನಿನ ಮುಚ್ಚಳ ತೆಗೆದು, ಅವಳ ಮುಖಕ್ಕೆಂದು ಒಂದು ಸೊನ್ನೆ ಸುತ್ತಿಬಿಟ್ಟಿದ್ದೆ.